ಕುದುರೆಯ ಚಪ್ಪೆ ಕೀಲು ತಪ್ಪಿದಾಗ

ಕುದುರೆಯ ಹಿಂಗಾಲು ದೇಹಕ್ಕೆ ಸೇರುವ ಜಾಗ ಹೊರಗಿನಿಂದ ಕಾಣುವುದಿಲ್ಲ. ಪೃಷ್ಠದ ದಪ್ಪ ಸ್ನಾಯುಗಳ ಅಡಿಯಲ್ಲಿ, ಚರ್ಮದಿಂದ ಒಂದು ಗೇಣಿನಷ್ಟು ಆಳದಲ್ಲಿ, ಪೆಲ್ವಿಸ್‌ನ, ಅಂದರೆ ಸೊಂಟದ, ಇಲಿಯಮ್, ಇಶಿಯಮ್ ಮತ್ತು ಪ್ಯೂಬಿಸ್ ಎಂಬ ಮೂರು ಮೂಳೆಗಳು ಕೂಡುವಲ್ಲಿ ಬಟ್ಟಲಿನಂಥ ಒಂದು ಕುಳಿ ಇದೆ. ತೊಡೆಮೂಳೆಯ ದುಂಡನೆಯ ತಲೆ ಈ ಬಟ್ಟಲಿನೊಳಗೆ ಕೂತು ತಿರುಗುತ್ತದೆ. ಬಟ್ಟಲಿನ ಅಂಚಿಗೆ ಗಟ್ಟಿ ಮೃದ್ವಸ್ಥಿಯ ಕಟ್ಟು, ಕೀಲಿನ ಸುತ್ತ ಕೋಶದ ಹೊದಿಕೆ, ಅದರ ಮೇಲೆ ದೇಹದಲ್ಲೇ ಅತ್ಯಂತ ಬಲಶಾಲಿಯಾದ ಸ್ನಾಯುಗಳ ಹೊರೆ. ಇಷ್ಟೆಲ್ಲ ಭದ್ರತೆಯನ್ನು ಮೀರಿ ತಲೆ ಬಟ್ಟಲಿನಿಂದ ಹೊರಬಿದ್ದರೆ ಅದು ಚಪ್ಪೆ ಕೀಲು ತಪ್ಪಿದ ಸ್ಥಿತಿ. ಕುದುರೆಗಳಲ್ಲಿ ಇದು ಅಪರೂಪ. ಆದರೆ ಆದಾಗ ಪ್ರಾಣಿಯ ಉಳಿವು ಎರಡು ಸಂಗತಿಗಳ ಮೇಲೆ ನಿಲ್ಲುತ್ತದೆ: ಎಷ್ಟು ಬೇಗ ಗುರುತಿಸಲಾಯಿತು ಮತ್ತು ಪ್ರಾಣಿಯ ತೂಕ ಎಷ್ಟು.

ಅಪರೂಪಕ್ಕೆ ಕಾರಣ ಕೀಲಿನ ರಚನೆಯಲ್ಲೇ ಇದೆ. ನಾಯಿಗೆ, ಮನುಷ್ಯನಿಗೆ ಇರುವಂತೆ ಕುದುರೆಗೂ ತೊಡೆಮೂಳೆಯ ತಲೆಯನ್ನು ಬಟ್ಟಲಿನ ತಳಕ್ಕೆ ಬಿಗಿಯುವ ಗಿಡ್ಡನೆಯ ಲಿಗಮೆಂಟ್ ಒಂದಿದೆ. ಅದರ ಜೊತೆಗೆ ಕುದುರೆ, ಕತ್ತೆ, ಜೀಬ್ರಾಗಳ ಕುಲಕ್ಕೇ ಮೀಸಲಾದ ಇನ್ನೊಂದು ಬಂಧವೂ ಇದೆ. ಇದು ಹೊಟ್ಟೆಯ ತಳದ ಸ್ನಾಯುಗಳು ಪ್ಯೂಬಿಸ್ ಮೂಳೆಗೆ ಸೇರುವ ದಪ್ಪ ರಜ್ಜುವಿನಿಂದ ಹೊರಟು, ಆ ಮೂಳೆಯ ಕೆಳಮೈಯಲ್ಲಿರುವ ತೋಡಿನಲ್ಲಿ ಸಾಗಿ, ಬಟ್ಟಲಿನ ಅಂಚಿನ ಕಚ್ಚಿನ ಮೂಲಕ ಒಳನುಗ್ಗಿ, ತೊಡೆಮೂಳೆಯ ತಲೆಗೆ ಅಂಟಿಕೊಳ್ಳುತ್ತದೆ. ಕಾಲು ಪಕ್ಕಕ್ಕೆ ಅಗಲವಾಗಿ ಚಾಚದಂತೆ ತಡೆಯುವುದು ಇದರ ಮುಖ್ಯ ಕೆಲಸ. ಹಸು ಸರಾಗವಾಗಿ ಪಕ್ಕಕ್ಕೆ ಒದೆಯುತ್ತದೆ, ಕುದುರೆ ಹೆಚ್ಚಾಗಿ ಹಿಂದಕ್ಕೇ ಒದೆಯುತ್ತದೆ ಎಂಬ ಹಳೆಯ ತಿಳಿವಳಿಕೆಗೆ ಅಂಗರಚನೆಯ ಪಾಠಗಳು ಕೊಡುವ ವಿವರಣೆಯೂ ಇದೇ. ಹಸುವಿನ ಬಟ್ಟಲು ಆಳ ಕಡಿಮೆಯದು, ಈ ಹೆಚ್ಚುವರಿ ಬಂಧ ಅದಕ್ಕಿಲ್ಲ. ಕರು ಹಾಕಿದ ಮೇಲೆ ನಿಶ್ಶಕ್ತವಾದ ಹಸು ಕೊಟ್ಟಿಗೆಯ ಜಾರುನೆಲದಲ್ಲಿ ಕಾಲಗಲಿಸಿ ಬಿದ್ದು ಕೀಲು ತಪ್ಪಿಸಿಕೊಳ್ಳುವುದು ಹೈನುಗಾರರಿಗೆ ಗೊತ್ತಿರುವ ಸಂಗತಿ. ಕುದುರೆ ಅಷ್ಟು ಸುಲಭವಾಗಿ ಕೀಲು ತಪ್ಪಿಸಿಕೊಳ್ಳುವುದಿಲ್ಲ.

ಈ ಭದ್ರತೆಗೆ ಒಂದು ಬೆಲೆಯೂ ಉಂಟು. ಕುದುರೆಯಲ್ಲಿ ಕೀಲು ಪೂರ್ತಿ ತಪ್ಪಬೇಕಾದರೆ ಎರಡೂ ಬಂಧಗಳು ಹರಿಯಬೇಕು, ಕೀಲುಕೋಶ ಸೀಳಬೇಕು. ಹಲವು ಬಾರಿ ಬಟ್ಟಲಿನ ಮೇಲಂಚಿನ ಮೂಳೆಯೂ ಚೂರಾಗುತ್ತದೆ. ಅಷ್ಟು ಬಲ ಬಿದ್ದ ಕೀಲನ್ನು ಮರಳಿ ಕೂರಿಸಿದರೂ ಅದನ್ನು ಅಲ್ಲೇ ಹಿಡಿದಿಡಲು ಒಳಗೆ ಏನೂ ಉಳಿದಿರುವುದಿಲ್ಲ. ಚಿಕಿತ್ಸೆಯ ಕಷ್ಟವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಎಲ್ಲ ಕುದುರೆಗಳಿಗೂ ಈ ಅಪಾಯ ಸಮನಾಗಿಲ್ಲ. 450–550 ಕಿಲೋ ತೂಗುವ ಓಟದ ಥರೋಬ್ರೆಡ್ ಕುದುರೆ ಜೋರಾಗಿ ಬಿದ್ದಾಗ ಕೀಲು ತಪ್ಪುವ ಮೊದಲೇ ಇಲಿಯಮ್ ಮೂಳೆಯ ದಂಡವೋ ಬಟ್ಟಲೋ ಮುರಿಯುವುದು ಹೆಚ್ಚು. ಮರಿಗಳಲ್ಲಿ ತೊಡೆಮೂಳೆಯ ತಲೆ ಮತ್ತು ಕತ್ತಿನ ನಡುವಿನ ಬೆಳವಣಿಗೆಯ ಪಟ್ಟಿ ಇನ್ನೂ ಮೆತ್ತಗಿರುತ್ತದೆ. ಲಿಗಮೆಂಟ್ ಹರಿಯುವುದಕ್ಕೆ ಮೊದಲು ಹೆಚ್ಚಾಗಿ ಆ ಪಟ್ಟಿಯೇ ಬಿರಿದು ತಲೆ ಕಳಚಿಕೊಳ್ಳುತ್ತದೆ. ನಿಜವಾದ ಕೀಲು ತಪ್ಪುವಿಕೆ ಹೆಚ್ಚಾಗಿ ಕಾಣುವುದು ಶೆಟ್ಲೆಂಡ್‌ನಂಥ ಪೋನಿಗಳಲ್ಲಿ, ಮಿನಿಯೇಚರ್ ಕುದುರೆಗಳಲ್ಲಿ, ಕತ್ತೆಗಳಲ್ಲಿ ಮತ್ತು ಕೆಲವು ಮರಿಗಳಲ್ಲಿ. ಹಗ್ಗದಲ್ಲೋ ಬೇಲಿಯಲ್ಲೋ ಹಿಂಗಾಲು ಸಿಕ್ಕಿ ಬಿಡಿಸಿಕೊಳ್ಳಲು ಹೆಣಗುವುದು ಇದಕ್ಕೆ ಪ್ರಮುಖ ಕಾರಣ. ಕಾಲು ಕಟ್ಟಿ ಮೇಯಲು ಬಿಡುವ ರೂಢಿ ಇರುವಲ್ಲೆಲ್ಲ ಈ ಅಪಾಯ ಇದ್ದೇ ಇದೆ. ಜಾರಿ ಬೀಳುವುದು, ಇನ್ನೊಂದು ಕುದುರೆಯ ಒದೆತ, ಕೆಡವಿ ಕಟ್ಟಿದಾಗ ಪ್ರಾಣಿ ಒದ್ದಾಡುವುದು ಉಳಿದ ಕಾರಣಗಳು. ಇನ್ನೊಂದು ಕಾರಣ ವೈದ್ಯರಿಗೇ ಎಚ್ಚರಿಕೆ: ಕೆಳಗಿನ ಮೂಳೆ ಮುರಿದ ಹಿಂಗಾಲಿಗೆ ಮೇಲಿನವರೆಗೂ ಪ್ಲಾಸ್ಟರ್ ಹಾಕಿದಾಗ ಕಾಲು ನೀಳವಾದ, ಭಾರವಾದ ಸನ್ನೆಕೋಲಾಗುತ್ತದೆ. ಏಳಲು ಹೆಣಗುವ ಪ್ರಾಣಿಯ ಶಕ್ತಿಯೆಲ್ಲ ಆಗ ಚಪ್ಪೆ ಕೀಲಿನ ಮೇಲೆ ಬೀಳುತ್ತದೆ.

ತಪ್ಪಿದ ತಲೆ ಬಹುತೇಕ ಯಾವಾಗಲೂ ಮುಂದಕ್ಕೂ ಮೇಲಕ್ಕೂ ಸರಿಯುತ್ತದೆ. ಪೃಷ್ಠದ ಸ್ನಾಯುಗಳು ಅದನ್ನು ಆ ದಿಕ್ಕಿಗೇ ಎಳೆಯುತ್ತವೆ. ಪರಿಣಾಮವನ್ನು ಕುದುರೆಯ ಹಿಂದೆ, ಸುರಕ್ಷಿತ ದೂರದಲ್ಲಿ ನಿಂತು ನೋಡಿದರೆ ಬಹಳಷ್ಟು ಓದಬಹುದು. ಪೆಟ್ಟಾದ ಕಾಲು ಗಿಡ್ಡವಾಗಿ ಕಾಣುತ್ತದೆ. ಹಿಂಗಾಲಿನ ಹಿಮ್ಮಡಿಗಂಟು ಇನ್ನೊಂದು ಕಾಲಿನದಕ್ಕಿಂತ ಮೇಲಿರುತ್ತದೆ. ಮೊಣಕಾಲು ಮತ್ತು ಗೊರಸಿನ ತುದಿ ಹೊರಕ್ಕೆ, ಹಿಮ್ಮಡಿಗಂಟು ಒಳಕ್ಕೆ ತಿರುಗಿರುತ್ತವೆ. ತೊಡೆಮೂಳೆಯ ಹೊರಬದಿಯ ಉಬ್ಬು, ಅಂದರೆ ದೊಡ್ಡ ಟ್ರೊಕ್ಯಾಂಟರ್, ಚರ್ಮದಡಿ ಎದ್ದು ಕಾಣುತ್ತದೆ, ಪೃಷ್ಠದ ತುದಿಯ ಮೂಳೆಗೂ ಅದಕ್ಕೂ ನಡುವಿನ ಅಂತರ ಹೆಚ್ಚಿರುತ್ತದೆ. ಮೊದಲ ದಿನಗಳಲ್ಲಿ ಪ್ರಾಣಿ ಕಾಲೂರಲು ಒಪ್ಪುವುದಿಲ್ಲ ಅಥವಾ ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸುತ್ತದೆ. ವಾರ ಕಳೆದಂತೆ ಬಾವು ಇಳಿದು ಕುಂಟು ಸ್ವಲ್ಪ ತಗ್ಗಬಹುದು. ಅದು ಗುಣವಾಗುವ ಲಕ್ಷಣವಲ್ಲ. ಹಾಗೆಂದು ನಂಬಿ ಕಾದವರು ಕೀಲನ್ನು ಮರಳಿ ಕೂರಿಸುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಇದರೊಂದಿಗೆ ದಾರಿತಪ್ಪಿಸುವ ಇನ್ನೊಂದು ಚಿಹ್ನೆ ಸೇರಿಕೊಳ್ಳುವುದುಂಟು. ಕುದುರೆ ನಿಂತೇ ನಿದ್ರಿಸಬಲ್ಲದು. ಅದಕ್ಕಾಗಿ ಮೊಣಚಿಪ್ಪನ್ನು ತೊಡೆಮೂಳೆಯ ಏಣಿನ ಮೇಲೆ ಸಿಕ್ಕಿಸಿ ಕಾಲನ್ನು ಬೀಗ ಹಾಕಿದಂತೆ ನಿಲ್ಲಿಸುವ ವ್ಯವಸ್ಥೆ ಅದರಲ್ಲಿದೆ. ಚಪ್ಪೆ ಕೀಲು ತಪ್ಪಿದಾಗ ತೊಡೆಮೂಳೆಯ ದಿಕ್ಕು ಬದಲಾಗಿ ಈ ಬೀಗ ತಾನಾಗಿ ಬಿದ್ದು, ಬಿಚ್ಚಿಕೊಳ್ಳದೇ ಹೋಗಬಹುದು. ಆಗ ಕಾಲು ಹಿಂದಕ್ಕೆ ನೆಟ್ಟಗೆ ಸೆಟೆದು ನಿಲ್ಲುತ್ತದೆ. ಪೋನಿಗಳಲ್ಲಿ ಮೊಣಚಿಪ್ಪಿನ ತೊಡಕು ಬೇರೆ ಕಾರಣಗಳಿಂದಲೂ ಬರುತ್ತದಾದ್ದರಿಂದ, ನೋಡಿದವರು ರೋಗ ಮೊಣಕಾಲಿನಲ್ಲೇ ಇದೆ ಎಂದು ಭಾವಿಸಿ ಅಲ್ಲಿಗೇ ನಿಲ್ಲಿಸುವ ಸಾಧ್ಯತೆ ಇದೆ. ಹಠಾತ್ತನೆ ಮೊಣಚಿಪ್ಪು ಸಿಕ್ಕಿಕೊಂಡ ಪೋನಿಯಲ್ಲಿ, ಅದೂ ಬಿದ್ದ ಅಥವಾ ಸಿಕ್ಕಿಹಾಕಿಕೊಂಡ ಹಿನ್ನೆಲೆ ಇದ್ದರೆ, ಚಪ್ಪೆ ಕೀಲನ್ನು ಪರೀಕ್ಷಿಸದೇ ಬಿಡಬಾರದು.

ನೋಟದಿಂದ ಅನುಮಾನ ಬಲವಾದರೂ ಅದೇ ನಿರ್ಣಯವಲ್ಲ. ತೊಡೆಮೂಳೆಯ ಕತ್ತು ಮುರಿದರೂ, ಮರಿಯಲ್ಲಿ ಬೆಳವಣಿಗೆಯ ಪಟ್ಟಿ ಜಾರಿದರೂ, ಬಟ್ಟಲು ಒಡೆದರೂ ಕಾಲು ಹೀಗೆಯೇ ಕಾಣಬಹುದು. ಇವುಗಳ ಚಿಕಿತ್ಸೆ ಬೇರೆ, ಭವಿಷ್ಯ ಬೇರೆ. ಮೊದಲ ಹೆಜ್ಜೆ ಗುದನಾಳದ ಮೂಲಕ ಕೈಹಾಕಿ ಮಾಡುವ ಪರೀಕ್ಷೆ. ವೈದ್ಯರ ಬೆರಳು ಒಳಗಿನಿಂದ ಪೆಲ್ವಿಸ್ ಮೂಳೆಗಳ ಅಂಚನ್ನು ಸವರುತ್ತ ಹೋಗುವಾಗ ಸಹಾಯಕರು ಕುದುರೆಯನ್ನು ಮೆಲ್ಲಗೆ ಅತ್ತಿತ್ತ ತೂಗಿಸುತ್ತಾರೆ. ಮುರಿದ ಮೂಳೆಯ ತುದಿಗಳು ಉಜ್ಜುವುದು, ಎರಡು ಬದಿಗಳು ಸಮವಿಲ್ಲದಿರುವುದು, ರಕ್ತ ಹೆಪ್ಪುಗಟ್ಟಿದ ಗಡ್ಡೆ ಬೆರಳಿಗೆ ತಿಳಿಯುತ್ತವೆ. ಟ್ರೊಕ್ಯಾಂಟರ್ ಮೇಲೆ ಅಂಗೈಯಿಟ್ಟು ಅಥವಾ ಸ್ಟೆತಸ್ಕೋಪ್ ಇಟ್ಟು ಕಾಲನ್ನು ಅಲುಗಿಸಿದಾಗ ಕರಕರ ಸದ್ದು ಸಿಗಬಹುದು. ಆದರೆ ತಪ್ಪಿದ ಕೀಲಿನಲ್ಲೂ ಮೂಳೆ ಮೂಳೆಗೆ ಉಜ್ಜುತ್ತದೆ, ಹೀಗಾಗಿ ಸದ್ದು ಮಾತ್ರದಿಂದ ಮುರಿತವನ್ನೂ ಕೀಲು ತಪ್ಪಿದ್ದನ್ನೂ ಬೇರ್ಪಡಿಸಲಾಗದು.

ನಾಯಿಯಾಗಿದ್ದರೆ ಮುಂದಿನ ಹೆಜ್ಜೆ ಸರಳ: ಮಲಗಿಸಿ ಎಕ್ಸ್-ರೇ ತೆಗೆದರೆ ಮುಗಿಯಿತು. ಕುದುರೆಯಲ್ಲಿ ಅದೇ ದೊಡ್ಡ ತೀರ್ಮಾನ. ಪೆಲ್ವಿಸ್‌ನ ಸ್ಪಷ್ಟ ಚಿತ್ರ ಬೇಕಿದ್ದರೆ ಪ್ರಾಣಿಯನ್ನು ಪೂರ್ಣ ಅರಿವಳಿಕೆಯಲ್ಲಿ ಅಂಗಾತ ಮಲಗಿಸಿ, ಕಾಲುಗಳನ್ನು ಅಗಲಿಸಿ, ಶಕ್ತಿಶಾಲಿ ಯಂತ್ರದಿಂದ ಕಿರಣ ಹಾಯಿಸಬೇಕು. ಆರೋಗ್ಯವಂತ ಕುದುರೆಗಳಲ್ಲೂ ಪೂರ್ಣ ಅರಿವಳಿಕೆಗೆ ಸಂಬಂಧಿಸಿದ ಸಾವು ಸುಮಾರು 100ಕ್ಕೆ 1ರ ಆಸುಪಾಸಿನಲ್ಲಿದೆ; ಮನುಷ್ಯರಲ್ಲಿ, ನಾಯಿಗಳಲ್ಲಿ ಇದು ಎಷ್ಟೋ ಪಾಲು ಕಡಿಮೆ. ಅದಕ್ಕಿಂತ ಭೀಕರ ಸಾಧ್ಯತೆಯೂ ಇದೆ. ಗಾಯ ಕೀಲಿನದಾಗಿರದೆ ಇಲಿಯಮ್ ದಂಡದ ಮುರಿತವಾಗಿದ್ದರೆ, ಮಲಗುವಾಗ ಅಥವಾ ಏಳುವಾಗ ಮುರಿದ ಮೂಳೆಯ ಚೂಪು ತುದಿ ಪಕ್ಕದಲ್ಲೇ ಹರಿಯುವ ದೊಡ್ಡ ಅಪಧಮನಿಯನ್ನು ಸೀಳಿ, ಕುದುರೆ ಒಳಗೇ ರಕ್ತ ಸುರಿದು ಸಾಯಬಹುದು. ನಿಂತ ಕುದುರೆಯಲ್ಲೇ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮುಗಿಸಿದ ಮೇಲಷ್ಟೇ ಅದನ್ನು ಮಲಗಿಸುವ ಮಾತು ಎಂಬ ನಿಯಮದ ಹಿಂದೆ ಇರುವುದು ಈ ಅನುಭವ.

ಈ ನಿಯಮವನ್ನು ಪಾಲಿಸಲು ಸಾಧ್ಯವಾಗಿಸಿದ್ದು ಅಲ್ಟ್ರಾಸೌಂಡ್. ಆಳಕ್ಕಿಳಿಯುವ ಕಡಿಮೆ ಆವರ್ತನದ ಬಾಗಿದ ಪ್ರೋಬನ್ನು ಟ್ರೊಕ್ಯಾಂಟರ್‌ನ ಮುಂದೆ ಚರ್ಮದ ಮೇಲಿಟ್ಟು ಕೀಲಿನ ಕಡೆಗೆ ತಿರುಗಿಸಿದರೆ, ಸರಿಯಿರುವ ಕೀಲಿನಲ್ಲಿ ಬಟ್ಟಲಿನ ಅಂಚು ಮತ್ತು ತೊಡೆಮೂಳೆಯ ತಲೆ ಒಂದಕ್ಕೊಂದು ಅಂಟಿದ ಎರಡು ಹೊಳೆಯುವ ಗೆರೆಗಳಾಗಿ ಕಾಣುತ್ತವೆ. ತಪ್ಪಿದ ಕೀಲಿನಲ್ಲಿ ತಲೆಯ ಗೆರೆ ಅಂಚಿನ ಆಚೆ, ಮೇಲಕ್ಕೆ ಹೋಗಿರುತ್ತದೆ. ಮುರಿತವಿದ್ದರೆ ಗೆರೆ ಮೆಟ್ಟಿಲಿನಂತೆ ತುಂಡಾಗಿರುತ್ತದೆ. ಕೀಲು ಅರ್ಧ ಮಾತ್ರ ಜಾರಿರುವ ಪ್ರಸಂಗಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಅಂಥ ಕುದುರೆ ಕಾಲೂರಿದಾಗ ತಲೆ ಸ್ವಸ್ಥಾನಕ್ಕೆ ಬರಬಹುದು, ಭಾರ ತೆಗೆದಾಗ ಹೊರಸರಿಯಬಹುದು. ಎಕ್ಸ್-ರೇ ಹಿಡಿಯುವುದು ಒಂದು ಕ್ಷಣವನ್ನು. ಅಲ್ಟ್ರಾಸೌಂಡ್‌ನಲ್ಲಿ ಕುದುರೆಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತ ಕೀಲಿನ ಚಲನೆಯನ್ನೇ ನೋಡಬಹುದು. ಎರಡು ಬದಿಗಳನ್ನೂ ಹೋಲಿಸುವುದು ಕಡ್ಡಾಯ. ನಿಂತ ಕುದುರೆಯಲ್ಲಿ ಓರೆಯಾಗಿ ತೆಗೆಯುವ ಎಕ್ಸ್-ರೇ ಈಗ ಬಳಕೆಯಲ್ಲಿದೆ. ಚಿಕ್ಕ ಪ್ರಾಣಿಗಳಲ್ಲಿ ಅದು ಚೆನ್ನಾಗಿ ಬರುತ್ತದೆ, ದಪ್ಪ ಸ್ನಾಯುಗಳ ದೊಡ್ಡ ಕುದುರೆಯಲ್ಲಿ ಮಸುಕು.

ಕುಂಟು ಹಳೆಯದಾಗಿದ್ದು ಮೂಲ ಗೊತ್ತಾಗದಿದ್ದಾಗ ಕೀಲಿನೊಳಗೆ ಮರಗಟ್ಟಿಸುವ ಔಷಧ ಚುಚ್ಚಿ, ಕುಂಟು ತಗ್ಗುವುದೇ ಎಂದು ನೋಡುವ ದಾರಿಯೂ ಇದೆ. ಇದಕ್ಕೆ 15 ಸೆಂಟಿಮೀಟರಿಗೂ ಉದ್ದದ ಸೂಜಿ ಬೇಕು. ಔಷಧ ಪಕ್ಕದ ಸಯಾಟಿಕ್ ನರಕ್ಕೆ ಸೋರಿದರೆ ಕಾಲು ಸ್ವಾಧೀನ ತಪ್ಪಿ ಕುದುರೆ ಕುಸಿಯಬಹುದು. ಆದಕಾರಣ ಇದನ್ನು ಅಲ್ಟ್ರಾಸೌಂಡ್ ನೋಡಿಕೊಂಡೇ ಮಾಡುತ್ತಾರೆ.

ಕೀಲು ಮಾತ್ರ ತಪ್ಪಿದೆ, ಮೂಳೆ ಮುರಿದಿಲ್ಲ ಎಂದು ಖಚಿತವಾದರೆ ಶಸ್ತ್ರಕ್ರಿಯೆ ಇಲ್ಲದೆ ಮರಳಿ ಕೂರಿಸಲು ಪ್ರಯತ್ನಿಸುವುದು ಮೊದಲ ದಾರಿ. ಇದು ಗಂಟೆಗಳ ಲೆಕ್ಕದ ಕೆಲಸ. ಮೊದಲ ದಿನವೇ ಆದರೆ ಉತ್ತಮ. ದಿನ ಕಳೆದಂತೆ ಸ್ನಾಯುಗಳು ಕುಗ್ಗಿ ಗಡುಸಾಗುತ್ತವೆ, ಖಾಲಿ ಬಟ್ಟಲಿನಲ್ಲಿ ಹೆಪ್ಪುಗಟ್ಟಿದ ರಕ್ತ ನಾರಾಗಿ ಬೆಳೆದು ತಲೆಗೆ ಜಾಗವೇ ಇಲ್ಲದಂತಾಗುತ್ತದೆ, ಹೊರಗೆ ಉಜ್ಜುತ್ತಿರುವ ತಲೆಯ ಮೃದ್ವಸ್ಥಿ ಸವೆಯುತ್ತದೆ. ಕುದುರೆಯನ್ನು ಪೂರ್ಣ ಅರಿವಳಿಕೆಯಲ್ಲಿ, ಪೆಟ್ಟಾದ ಕಾಲು ಮೇಲಿರುವಂತೆ ಪಕ್ಕಕ್ಕೆ ಮಲಗಿಸುತ್ತಾರೆ. ತೊಡೆಸಂದಿಯಲ್ಲಿ ಮೆತ್ತೆ ಸುತ್ತಿದ ಹಗ್ಗ ಹಾಯಿಸಿ ದೇಹ ಸರಿಯದಂತೆ ಕಂಬಕ್ಕೆ ಬಿಗಿಯುತ್ತಾರೆ. ಕಾಲಿಗೆ ಕಟ್ಟಿದ ಇನ್ನೊಂದು ಹಗ್ಗವನ್ನು ರಾಟೆಯಿಂದ ನಿಧಾನವಾಗಿ, ಬಿಡದೆ ಎಳೆಯುತ್ತಾರೆ. ಒಂದೇ ಸಲಕ್ಕೆ ಜಗ್ಗಿದರೆ ಸ್ನಾಯು ಇನ್ನಷ್ಟು ಸೆಟೆಯುತ್ತದೆ. ನಿಮಿಷಗಟ್ಟಲೆ ಸಮನಾಗಿ ಎಳೆದಾಗಲೇ ಅದು ದಣಿದು ಸಡಿಲಾಗುತ್ತದೆ. ತಲೆ ಬಟ್ಟಲಿನ ಮಟ್ಟಕ್ಕೆ ಇಳಿದಾಗ ಕಾಲನ್ನು ಒಳಕ್ಕೆ ತಿರುಗಿಸಿ, ಟ್ರೊಕ್ಯಾಂಟರನ್ನು ಕೈಯಿಂದ ಬಲವಾಗಿ ಒತ್ತುತ್ತಾರೆ. ಸರಿಯಾಗಿ ಕೂತರೆ ಅದು ಕೈಗೂ ಕಿವಿಗೂ ತಿಳಿಯುತ್ತದೆ, ಎರಡೂ ಕಾಲುಗಳ ಉದ್ದ ಸಮವಾಗುತ್ತದೆ.

ಕೂರಿಸುವುದಕ್ಕಿಂತ ಕೂತದ್ದನ್ನು ಉಳಿಸಿಕೊಳ್ಳುವುದು ಕಷ್ಟ. ಬಂಧಗಳೆಲ್ಲ ಹರಿದಿರುವುದರಿಂದ ಹೀಗೆ ಕೂರಿಸಿದ ಕೀಲುಗಳಲ್ಲಿ ಹಲವು ಮತ್ತೆ ಜಾರುತ್ತವೆ, ಕೆಲವು ಅರಿವಳಿಕೆಯಿಂದ ಎದ್ದು ನಿಲ್ಲುವ ಹೊತ್ತಿಗೇ. ಮೊಣಚಿಪ್ಪಿನ ತೊಡಕು ಜೊತೆಗಿದ್ದರೆ ಅದರ ಒಳಬದಿಯ ಲಿಗಮೆಂಟನ್ನು ಕತ್ತರಿಸಬೇಕಾಗಿ ಬರಬಹುದು. ಸೆಟೆದ ಕಾಲು ಚಪ್ಪೆ ಕೀಲನ್ನು ಮತ್ತೆ ಹೊರದಬ್ಬುತ್ತಿರುತ್ತದೆ.

ಶಸ್ತ್ರಚಿಕಿತ್ಸೆಯ ವಿಧಾನಗಳು ಹೆಚ್ಚಾಗಿ ನಾಯಿಗಳ ಮೂಳೆ ವೈದ್ಯದಿಂದ ಬಂದವು, ಕುದುರೆಯ ಭಾರಕ್ಕೆ ತಕ್ಕಂತೆ ಬಲಪಡಿಸಿದವು. ಟ್ರೊಕ್ಯಾಂಟರ್ ಉಬ್ಬನ್ನು ಗರಗಸದಿಂದ ಕತ್ತರಿಸಿ, ಅದಕ್ಕೆ ಅಂಟಿದ ಪೃಷ್ಠದ ಸ್ನಾಯುಗಳ ಸಮೇತ ಮೇಲಕ್ಕೆ ಮಡಚಿದರೆ ಕೀಲು ಕಣ್ಣೆದುರು ತೆರೆದುಕೊಳ್ಳುತ್ತದೆ. ಹಿಂದೆಯೇ ಹಾದುಹೋಗುವ ಸಯಾಟಿಕ್ ನರವನ್ನು ಕಾಪಾಡಿಕೊಳ್ಳಬೇಕು. ಬಟ್ಟಲಿನಲ್ಲಿ ತುಂಬಿದ ಹೆಪ್ಪು, ಹರಿದ ಬಂಧಗಳ ಚೂರು, ಮೂಳೆಯ ಚಕ್ಕೆಗಳನ್ನೆಲ್ಲ ತೆಗೆದು ತಲೆಯನ್ನು ಒಳಗಿಳಿಸಿದ ಮೇಲೆ ಅದನ್ನು ಹಿಡಿದಿಡುವ ಕೆಲಸ.

ಅದಕ್ಕೆ ಮೂರು ಉಪಾಯಗಳುಂಟು. ಹೆಚ್ಚಾಗಿ ಒಂದಕ್ಕಿಂತ ಹೆಚ್ಚು ಉಪಾಯಗಳನ್ನು ಒಟ್ಟಿಗೆ ಬಳಸುತ್ತಾರೆ. ಹರಿದ ಗಿಡ್ಡ ಲಿಗಮೆಂಟಿನ ಜಾಗಕ್ಕೆ ಕೃತಕ ಬಂಧ ಹಾಕುವುದು ಮೊದಲನೆಯದು. ತೊಡೆಮೂಳೆಯ ಹೊರಬದಿಯಿಂದ ಕತ್ತಿನ ಮೂಲಕ ತಲೆಯ ಮಧ್ಯಕ್ಕೆ ಸುರಂಗ ಕೊರೆದು, ಬಟ್ಟಲಿನ ತಳದಲ್ಲೂ ಒಂದು ರಂಧ್ರ ಮಾಡುತ್ತಾರೆ. ಗಟ್ಟಿ ನೂಲು ಕಟ್ಟಿದ ಚಿಕ್ಕ ಲೋಹದ ಕಡ್ಡಿಯನ್ನು ಆ ರಂಧ್ರದಿಂದ ಆಚೆಗೆ ತಳ್ಳಿ ಎಳೆದಾಗ ಕಡ್ಡಿ ಅಡ್ಡ ತಿರುಗಿ, ಅಂಗಿಯ ಕಾಜದಾಚೆಗಿನ ಗುಂಡಿಯಂತೆ ಕಚ್ಚಿಕೊಳ್ಳುತ್ತದೆ. ನೂಲನ್ನು ಸುರಂಗದ ಮೂಲಕ ಹೊರತಂದು ಬಿಗಿದು ಕಟ್ಟುತ್ತಾರೆ. ಟಾಗಲ್ ಎಂದು ಕರೆಯುವ ಈ ವಿಧಾನದಲ್ಲಿ ನೂಲು ಶಾಶ್ವತವಾಗಿ ಬಾಳಬೇಕೆಂದೇನಿಲ್ಲ. ಕೀಲಿನ ಸುತ್ತ ಗಾಯದ ನಾರು ಬೆಳೆದು ಹೊಸ ಕೋಶವಾಗುವವರೆಗೆ ತಡೆದರೆ ಸಾಕು. ಎರಡನೆಯದು ಹರಿದ ಕೀಲುಕೋಶಕ್ಕೆ ಬದಲಿ. ಬಟ್ಟಲಿನ ಮೇಲಂಚಿಗೆ ವಾಷರ್ ಸಮೇತ ಸ್ಕ್ರೂಗಳನ್ನು ಕೂರಿಸಿ, ಅಲ್ಲಿಂದ ತೊಡೆಮೂಳೆಯ ಮೇಲ್ತುದಿಗೆ ದಪ್ಪ ನೂಲನ್ನು ಎಂಟರ ಆಕಾರದಲ್ಲಿ ಬಿಗಿಯುತ್ತಾರೆ. ಮೂರನೆಯದು ಹೊಸದಾಗಿ ಏನನ್ನೂ ಸೇರಿಸದೆ ಇರುವ ಸ್ನಾಯುವನ್ನೇ ಬಳಸುತ್ತದೆ: ಕತ್ತರಿಸಿದ ಟ್ರೊಕ್ಯಾಂಟರನ್ನು ಮೊದಲಿನ ಜಾಗಕ್ಕೆ ಹಚ್ಚದೆ ಸ್ವಲ್ಪ ಕೆಳಕ್ಕೂ ಹಿಂದಕ್ಕೂ ಸರಿಸಿ ಸ್ಕ್ರೂ ಮತ್ತು ತಂತಿಯಿಂದ ಬಿಗಿಯುತ್ತಾರೆ. ಆಗ ಪೃಷ್ಠದ ಸ್ನಾಯುಗಳ ಎಳೆತದ ದಿಕ್ಕು ಬದಲಾಗಿ, ಮೊದಲು ತಲೆಯನ್ನು ಹೊರಗೆಳೆದ ಬಲವೇ ಈಗ ಅದನ್ನು ಬಟ್ಟಲಿನೊಳಕ್ಕೆ ಒತ್ತುತ್ತದೆ.

ಕೀಲನ್ನು ಉಳಿಸುವುದು ಸಾಧ್ಯವೇ ಇಲ್ಲದಾಗ ತೊಡೆಮೂಳೆಯ ತಲೆ ಮತ್ತು ಕತ್ತನ್ನು ಕತ್ತರಿಸಿ ತೆಗೆಯುವ ವಿಧಾನ ಉಳಿಯುತ್ತದೆ. ಹಳೆಯದಾದ ಪ್ರಸಂಗಗಳಲ್ಲಿ, ತಲೆಯೇ ಸವೆದು ಹಾಳಾದಾಗ, ಮರಿಗಳ ಬೆಳವಣಿಗೆಯ ಪಟ್ಟಿ ಜಾರಿ ಜೋಡಿಸಲಾಗದಾಗ ಇದನ್ನು ಮಾಡುತ್ತಾರೆ. ಮೂಳೆಗೆ ಮೂಳೆ ಉಜ್ಜುವುದು ನಿಂತು, ಖಾಲಿ ಜಾಗದಲ್ಲಿ ನಾರು ಬೆಳೆದು ಸುಳ್ಳು ಕೀಲೊಂದು ಏರ್ಪಡುತ್ತದೆ. ಕಾಲು ಗಿಡ್ಡವಾಗುತ್ತದೆ, ನಡಿಗೆಯಲ್ಲಿ ಕುಂಟು ಉಳಿಯುತ್ತದೆ. ನೋವು ಮಾತ್ರ ತಗ್ಗುತ್ತದೆ. ಮಿನಿಯೇಚರ್ ಕುದುರೆ, ಚಿಕ್ಕ ಪೋನಿ, ಕತ್ತೆಗಳು ಹೀಗೆ ವರ್ಷಗಟ್ಟಲೆ ಹಾಯಾಗಿ ಬದುಕಬಲ್ಲವು. 500 ಕಿಲೋ ಕುದುರೆ ಸುಮ್ಮನೆ ನಿಂತಾಗಲೇ ಒಂದೊಂದು ಹಿಂಗಾಲಿನ ಮೇಲೆ ಸುಮಾರು 100 ಕಿಲೋ ಬೀಳುತ್ತದೆ, ನಾಗಾಲೋಟದಲ್ಲಿ ಒಂದು ಕಾಲು ಹೊರುವ ಗರಿಷ್ಠ ಬಲ ದೇಹತೂಕವನ್ನೂ ಮೀರಿ ಹೋಗುತ್ತದೆ. ನಾರಿನ ಕೀಲು ಅದನ್ನು ತಾಳದು. ಕೃತಕ ಚಪ್ಪೆ ಕೀಲನ್ನು ಅಳವಡಿಸುವ ಪ್ರಯತ್ನ ಕೆಲವು ಚಿಕ್ಕ ಕುದುರೆಗಳಲ್ಲಿ ನಡೆದಿದೆ. 1962ರಲ್ಲಿ ಇಂಗ್ಲೆಂಡಿನ ಜಾನ್ ಚಾರ್ನ್ಲಿ ಮನುಷ್ಯರಲ್ಲಿ ಯಶಸ್ವಿಗೊಳಿಸಿದ ಶಸ್ತ್ರಕ್ರಿಯೆ ಇಂದು ಜಗತ್ತಿನೆಲ್ಲೆಡೆ ದಿನನಿತ್ಯದ್ದಾದರೂ, ಕುದುರೆಗಳಲ್ಲಿ ಅದು ಬಿಡಿ ಪ್ರಸಂಗಗಳ ಮಟ್ಟದಲ್ಲೇ ಇದೆ. ರೋಗಿಯನ್ನು ಊರುಗೋಲಿನ ಮೇಲೆ ನಡೆಸಲಾಗದು ಎಂಬುದೇ ಅದರ ಮೂಲ ತೊಡಕು.

ಶಸ್ತ್ರಕ್ರಿಯೆ ಮುಗಿದ ಮೇಲಿನ ಒಂದು ಗಂಟೆ ಶಸ್ತ್ರಕ್ರಿಯೆಯಷ್ಟೇ ನಿರ್ಣಾಯಕ. ಕುದುರೆ ಓಡಿ ಬದುಕುವ ಪ್ರಾಣಿ. ಎಚ್ಚರ ಬರುತ್ತಲೇ, ಸಮತೋಲ ಸಿಗುವ ಮೊದಲೇ, ಅದು ಎದ್ದು ನಿಲ್ಲಲು ನುಗ್ಗುತ್ತದೆ. ಆಗಷ್ಟೇ ಬಿಗಿದ ನೂಲು, ಸ್ಕ್ರೂಗಳ ಮೇಲೆ ಹಿಂಗಾಲಿನ ಪೂರ್ಣ ಬಲ ಬೀಳುವುದು ಆ ಹೊತ್ತಿನಲ್ಲಿ. ತಲೆಗೆ ಮತ್ತು ಬಾಲಕ್ಕೆ ಹಗ್ಗ ಕಟ್ಟಿ ಮೇಲಿಂದ ಆಧರಿಸುವುದು, ಜೋಲಿಯಲ್ಲಿ ಎತ್ತಿ ಹಿಡಿಯುವುದು, ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ನೀರಿನ ಕೊಳದಲ್ಲಿ ತೇಲಿಸಿ ಎಚ್ಚರಿಸುವುದು ಇದಕ್ಕೆ ಕಂಡುಕೊಂಡ ದಾರಿಗಳು. ಚಿಕ್ಕ ಪ್ರಾಣಿಗೆ ಇಲ್ಲಿಯೂ ಅನುಕೂಲವಿದೆ: ಮರಿಯನ್ನೋ ಮಿನಿಯೇಚರ್ ಕುದುರೆಯನ್ನೋ ನಾಲ್ಕು ಜನ ತೋಳಿನಲ್ಲೇ ಹಿಡಿದು ನಿಲ್ಲಿಸಬಹುದು.

ಎದ್ದು ನಿಂತ ಮೇಲೆ ಅಪಾಯ ಇನ್ನೊಂದು ಕಾಲಿಗೆ ದಾಟುತ್ತದೆ. ನೋವಿನ ಕಾಲನ್ನು ಬಿಟ್ಟು ವಾರಗಟ್ಟಲೆ ಒಂದೇ ಹಿಂಗಾಲಿನ ಮೇಲೆ ನಿಂತರೆ ಆ ಗೊರಸಿನೊಳಗಿನ ರಕ್ತಚಲನೆ ಕುಂದಿ, ಗೊರಸನ್ನು ಮೂಳೆಗೆ ಹಿಡಿದಿಡುವ ಪದರಗಳು ಬಿಡತೊಡಗುತ್ತವೆ. ಲ್ಯಾಮಿನೈಟಿಸ್ ಎಂಬ ಈ ರೋಗದ ಕ್ರೌರ್ಯ ಸಾಮಾನ್ಯ ಓದುಗರಿಗೂ ಗೊತ್ತಾದದ್ದು ಬಾರ್ಬರೋ ಎಂಬ ಕುದುರೆಯಿಂದ. 2006ರಲ್ಲಿ ಅಮೆರಿಕದ ಕೆಂಟಕಿ ಡರ್ಬಿ ಓಟ ಗೆದ್ದ ಬಾರ್ಬರೋ ಅದೇ ವರ್ಷದ ಮೇ 20ರಂದು ಪ್ರೀಕ್‌ನೆಸ್ ಓಟದಲ್ಲಿ ಬಲ ಹಿಂಗಾಲಿನ ಮೂಳೆಗಳನ್ನು ಮುರಿದುಕೊಂಡಿತು. ಅದರದು ಚಪ್ಪೆಯ ಗಾಯವಲ್ಲ, ಕಾಲಿನ ಕೆಳಭಾಗದ್ದು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಕೇಂದ್ರದಲ್ಲಿ ಶಸ್ತ್ರವೈದ್ಯ ಡೀನ್ ರಿಚರ್ಡ್‌ಸನ್ ಮೂಳೆಗಳನ್ನು ಜೋಡಿಸಿದರು, ಕೊಳದಲ್ಲಿ ತೇಲಿಸಿ ಎಚ್ಚರಿಸಿದರು. ಆದರೆ ಜುಲೈ ಹೊತ್ತಿಗೆ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು, ಮುಂದೆ ಮುಂಗಾಲುಗಳಿಗೂ ಹಬ್ಬಿತು, 2007ರ ಜನವರಿ 29ರಂದು ದಯಾಮರಣ ನೀಡಬೇಕಾಯಿತು. ಚಪ್ಪೆ ಕೀಲಿನ ಶಸ್ತ್ರಚಿಕಿತ್ಸೆಯಲ್ಲೂ ಇದೇ ಭಯ ಇರುವುದರಿಂದ ನೋವು ತಗ್ಗಿಸಿ ಕುದುರೆ ಬೇಗ ಎರಡೂ ಕಾಲೂರುವಂತೆ ಮಾಡುವುದು ಚಿಕಿತ್ಸೆಯ ಭಾಗವೇ ಆಗುತ್ತದೆ. ಫಿನೈಲ್‌ಬ್ಯುಟಜೋನ್‌ನಂಥ ನೋವುನಿವಾರಕಗಳು ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ತೊಂದರೆ ಕೊಡುತ್ತವೆ. ಪ್ರಮಾಣವನ್ನು ಅಳೆದು ಕೊಡಬೇಕು. ಲಾಯದಲ್ಲಿ ದಪ್ಪನೆಯ ಮೆತ್ತನೆ ಹಾಸು, ಇನ್ನೊಂದು ಕಾಲಿನ ಗೊರಸಿನ ಅಂಗಾಲಿಗೆ ಆಧಾರ, ಎರಡು ಮೂರು ತಿಂಗಳ ಕಟ್ಟುನಿಟ್ಟಿನ ವಿಶ್ರಾಂತಿ, ಆಮೇಲೆ ಲಗಾಮು ಹಿಡಿದು ಕೆಲವೇ ನಿಮಿಷಗಳ ನಡಿಗೆ. ದಿನವೂ ಜೊತೆಗಿದ್ದು ಕುದುರೆಯನ್ನು ನೋಡಿಕೊಳ್ಳುವ ಸೈಸ್‌ನ ಕಣ್ಣು ಇಲ್ಲಿ ವೈದ್ಯರ ಕಣ್ಣಿಗಿಂತ ಮುಖ್ಯ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುವುದು ಹೆಚ್ಚಾಯಿತೇ, ಗೊರಸು ಬಿಸಿಯಾಗಿದೆಯೇ, ಕಾಲು ಮತ್ತೆ ಹೊರಕ್ಕೆ ತಿರುಗಿತೇ ಎಂಬುದನ್ನು ಮೊದಲು ಕಾಣುವವರು ಅವರೇ.

ಪೂರ್ಣ ಬೆಳೆದ ದೊಡ್ಡ ಕುದುರೆಯ ವಿಷಯದಲ್ಲಿ ಮಾತು ಸ್ಪಷ್ಟವಾಗಿರಬೇಕು. ಕೀಲು ತಪ್ಪಿದ ಥರೋಬ್ರೆಡ್ ಮತ್ತೆ ಓಟಕ್ಕೆ ಮರಳುವ ನಿರೀಕ್ಷೆ ಇಲ್ಲ. ಮೊದಲ ದಿನವೇ ಕೂರಿಸಿ, ಅದು ನಿಂತರೆ, ಒಳ್ಳೆಯ ತಳಿಯ ಹೆಣ್ಣು ಕುದುರೆಯನ್ನು ಮರಿ ಮಾಡಿಸಲು ಉಳಿಸಿಕೊಳ್ಳಬಹುದು. ಆಗಲೂ ಕೀಲು ಸವೆತದ ನೋವು ಮುಂದೆ ಕಾಡುತ್ತದೆ. ಬಟ್ಟಲೂ ಒಡೆದಿದ್ದರೆ, ಕೂರಿಸಿದ್ದು ಮತ್ತೆ ಮತ್ತೆ ಜಾರುತ್ತಿದ್ದರೆ, ಪ್ರಾಣಿ ಏಳಲಾಗದೆ ಮಲಗಿದ್ದರೆ, ಶಸ್ತ್ರಕ್ರಿಯೆಯ ಹೆಸರಿನಲ್ಲಿ ಯಾತನೆಯನ್ನು ಲಂಬಿಸುವುದಕ್ಕಿಂತ ದಯಾಮರಣ ಉಚಿತ. ಚಿಕ್ಕ ಪ್ರಾಣಿಗಳ ವಿಷಯ ಇದಕ್ಕೆ ವಿರುದ್ಧ. ಮೈಸೂರಿನ ಟಾಂಗಾಗಳಿಗೆ ಹೂಡುವ ಚಿಕ್ಕ ಕುದುರೆಗಳು, ಊರೂರು ಅಲೆಯುವ ಕುಟುಂಬಗಳ ಸಾಮಾನು ಹೊರುವ ಕತ್ತೆಗಳು ಶಸ್ತ್ರಕ್ರಿಯೆಯಿಂದ ಲಾಭ ಪಡೆಯಬಲ್ಲ ತೂಕದ ಕಡೆಗೇ ಇವೆ. ಅವುಗಳ ವಿಷಯದಲ್ಲೇ ಕುಂಟಿಗೆ ಕಾರಣ ಹುಡುಕದೆ ಕೈಬಿಡುವುದು ಹೆಚ್ಚು. ತೊಡೆಮೂಳೆಯ ತಲೆಯನ್ನು ಕತ್ತರಿಸಿ ತೆಗೆಸಿಕೊಂಡ ಕತ್ತೆ ಭಾರ ಹೊರಲಾರದು, ಗಾಡಿ ಎಳೆದ ಪೋನಿ ಮತ್ತೆ ನೊಗಕ್ಕೆ ಬರುವುದು ಅನುಮಾನ. ಆದರೆ ನೋವಿಲ್ಲದೆ ಮೇಯುತ್ತ, ಮರಿ ಹಾಕುತ್ತ ಇರಲು ಎರಡಕ್ಕೂ ಸಾಧ್ಯ. ಅದಕ್ಕೆ ಬೇಕಾದುದು ಬಿದ್ದ ದಿನವೇ ಪ್ರಾಣಿಯನ್ನು ಹಿಂದಿನಿಂದ ನೋಡಿ ಎರಡು ಹಿಮ್ಮಡಿಗಂಟುಗಳು ಒಂದೇ ಮಟ್ಟದಲ್ಲಿವೆಯೇ ಎಂದು ಗಮನಿಸುವುದು, ಇಲ್ಲದಿದ್ದರೆ ನಡೆಸದೆ, ಎಳೆದು ಕೂರಿಸಲು ಹೋಗದೆ, ಅಲ್ಟ್ರಾಸೌಂಡ್ ಇರುವ ಪಶು ಆಸ್ಪತ್ರೆಗೆ ವಾಹನದಲ್ಲಿ ಒಯ್ಯುವುದು.